ಪ್ಯಾಕಿಂಗ್ ವಿಭಾಗದ ಸುಬೇದಾರರು

ನಮ್ಮ ಸೋದರಮಾವ ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದು ಗಡಿ ಕಾದವರು. ಆದರೆ ಅವರು ಬೆವೆತದ್ದನ್ನು ನಾನು ಕಂಡಿದ್ದು ಒಂದೇ ಸಲ, ಅದೂ ಹಾರೋಹಳ್ಳಿಯಲ್ಲಿ, ಕಂಪ್ಯೂಟರ್ ಮೌಸ್ ಮುಂದೆ. ಉತ್ಪ್ರೇಕ್ಷೆ ಅನ್ನುತ್ತೀರಾ? ಪಕ್ಕದಲ್ಲಿ ಕೂತು ಅದನ್ನು ಹಿಡಿಯಲು ಕಲಿಸಿದವಳು ನಾನೇ!

ಸುಬೇದಾರರಾಗಿ ನಿವೃತ್ತರಾಗಿ ಮರಳವಾಡಿಗೆ ಬಂದ ಮೂರೇ ತಿಂಗಳಲ್ಲಿ ಅತ್ತೆಯ ಅಡುಗೆಮನೆಯ ಡಬ್ಬಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತುಬಿಟ್ಟವು. ಅತ್ತೆ ನನ್ನನ್ನು ಕರೆದು, "ನಿಮ್ ಕಂಪ್ನೀಲಿ ಏನಾರ ಕೆಲ್ಸ ಇದ್ರೆ ಕೊಡ್ಸವ್ವ. ಸಂಬ್ಳ ಕೊಡ್ದಿದ್ರೂ ಚಿಂತಿಲ್ಲ, ದಿನಾ ಬೆಳಗ್ಗೆ ಕರ್ಕೊಂಡ್ ಹೋದ್ರೆ ಸಾಕು," ಎಂದರು.

ನಾನಿರುವುದು ಹಾರೋಹಳ್ಳಿಯ ಮಸಾಲೆಪುಡಿ ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿ. ಆಗ ಪ್ಯಾಕಿಂಗ್ ವಿಭಾಗಕ್ಕೊಬ್ಬ ಮ್ಯಾನೇಜರ್ ಬೇಕಾಗಿತ್ತು. ಸಂದರ್ಶನದಲ್ಲಿ ನಮ್ಮ ಡೈರೆಕ್ಟರು, "ನಿಮ್ಮ ಲೀಡರ್‌ಶಿಪ್ ಸ್ಟೈಲ್ ಏನು?" ಎಂದು ಕೇಳಿದರು. ಮಾವ, "ಮುಂದೆ ನಾನು ನಡಿಯೋದು ಸಾರ್," ಎಂದರು. ಕೆಲಸ ಸಿಕ್ಕಿತು.

ಒಂಬತ್ತು ಗಂಟೆಯ ಕೆಲಸಕ್ಕೆ ಅವರು ಮೊದಲ ದಿನ ಹೋದದ್ದು ಆರಕ್ಕೆ. ಕೈಲಿ ಕೆಲಸವಿಲ್ಲ, ಎದುರಿಗೆ ಸಿಕ್ಕವನು ವಾಚ್‌ಮನ್ ಒಬ್ಬನೇ. ಬಿಡುತ್ತಾರೆಯೇ? ಅವನಿಗೆ ಗಡ್ಡ ಹೆರೆಸಿ, ಬೂಟಿಗೆ ಪಾಲಿಶ್ ಹಾಕಿಸಿ, ಮೂರು ಗಂಟೆ ಸೆಲ್ಯೂಟ್ ಕಲಿಸಿದರು. ಡೈರೆಕ್ಟರ ಕಾರು ಬಂದಾಗ ಅವನು ನೆಲ ಅದುರುವಂತೆ ಕಾಲು ಬಡಿದ. ಹಿಂದೆ ಯಾವ ದೊಡ್ಡವರು ಬರುತ್ತಿದ್ದಾರೋ ಎಂದು ಡೈರೆಕ್ಟರು ಇಳಿದು ತಿರುಗಿ ನೋಡಿದರು.

ಆಮೇಲೆ ಮೀಟಿಂಗ್ ಕೋಣೆಯ ಕುರ್ಚಿಗಳು ಮಾಯವಾದವು. "ಕೂತ್ಕೊಂಡ್ರೆ ಮಾತು ಉದ್ದ ಆಯ್ತದೆ" ಎನ್ನುವುದು ಮಾವನ ವಾದ. ಬೆಂಗಳೂರಿನಿಂದ ಬಂದ ಸೇಲ್ಸ್ ಮುಖ್ಯಸ್ಥರು ನಲವತ್ತು ಸ್ಲೈಡುಗಳನ್ನು ತೆರೆದಾಗ ಮಾವ ಅವರನ್ನು ವಿನಯದಿಂದ ತಡೆದರು. "ಸಾರ್, ಶತ್ರು ಎಲ್ಲವ್ನೆ, ನಮ್ತಾವ ಏನೈತೆ, ಎಷ್ಟೊತ್ಗೆ ಹೊರಡ್ಬೇಕು, ಇಷ್ಟು ಹೇಳ್ಬುಡಿ." ಶತ್ರು ಎಂದರೆ ಇನ್ನೊಂದು ಕಂಪನಿಯ ಸಾಂಬಾರುಪುಡಿ! ಒಂದು ಗಂಟೆಯ ಮೀಟಿಂಗು ಏಳು ನಿಮಿಷಕ್ಕೆ ಮುಗಿಯಿತು. ಮಿಕ್ಕ ಸಮಯದಲ್ಲಿ ಏನು ಮಾಡುವುದೆಂದು ತಿಳಿಯದೆ ಆ ಮನುಷ್ಯ ಮೂರು ಕಾಫಿ ಕುಡಿದು ಹೋದರು.

ಕ್ಯಾಂಟೀನಿನಲ್ಲಿ ತಮ್ಮ ವಿಭಾಗದ ಕೊನೆಯವರು ತಟ್ಟೆ ಹಿಡಿಯುವವರೆಗೆ ಮಾವ ಊಟ ಮುಟ್ಟುತ್ತಿರಲಿಲ್ಲ. ಒಂದು ದಿನ ಮುದ್ದೆ ಮುಗಿದೇಹೋಯಿತು. ಎರಡು ಬಾಳೆಹಣ್ಣು ತಿಂದು, "ಇವತ್ತು ಸಾರು ಚೆನ್ನಾಗಿತ್ತಂತೆ ಕಣವ್ವ," ಎಂದರು.

ಹೀಗೇ ವರ್ಷ ಕಳೆಯಿತು, ಸಿಬ್ಬಂದಿಗೆ ಅಂಕ ಕೊಡುವ ಕಾಲ ಬಂತು. ಪ್ರತಿ ವಿಭಾಗದಲ್ಲೂ ಒಬ್ಬರನ್ನಾದರೂ 'ತೃಪ್ತಿಕರವಲ್ಲ' ಎಂದು ಬರೆಯಲೇಬೇಕು, ಹಾಗೆ ಬರೆಸಿಕೊಂಡವರು ಮನೆಗೆ ಹೋಗಬೇಕು. ಇದು ಕಂಪನಿಯ ನಿಯಮ. ಮಾವನ ವಿಭಾಗಕ್ಕೆ ಕನಕಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಸಲ್ಮಾ ಹೆರಿಗೆ ರಜೆ ಮುಗಿಸಿ ಬಂದ ಮೇಲೆ ಕೆಲಸದಲ್ಲಿ ಒಂದಿಷ್ಟು ನಿಧಾನವಾಗಿದ್ದಳು. ಮಾವನ ಕೆಲಸ ಸುಲಭವಾಗಲಿ ಎಂದು ನಾನೇ ಅವಳ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟೆ. ಮಾವ ಚೀಟಿ ನೋಡಿದರು, ನನ್ನ ಮುಖ ನೋಡಿದರು, ಚೀಟಿಯನ್ನು ಮಡಿಸಿ ಜೇಬಿಗಿಟ್ಟರು.

ಮರುದಿನ ಡೈರೆಕ್ಟರು ನಮ್ಮಿಬ್ಬರನ್ನೂ ಕರೆಸಿದರು. 'ತೃಪ್ತಿಕರವಲ್ಲ' ಎಂಬಲ್ಲಿ ಮಾವ ತಮ್ಮದೇ ಹೆಸರು ಬರೆದಿದ್ದರು. ಕಾರಣಗಳೂ ಇದ್ದವು: ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಾರೆ, ಅತ್ತೆಗೆ ಕಳಿಸಬೇಕಾದ ದಿನಸಿ ಪಟ್ಟಿಯನ್ನು ಇಡೀ ಕಂಪನಿಗೆ ಮೇಲ್ ಮಾಡಿದ್ದಾರೆ. ಎರಡೂ ನಿಜವೇ!

"ಇದೇನ್ರೀ ತಮಾಷೆ? ಕೆಲಸ ಹೋಗುತ್ತೆ, ಗೊತ್ತಲ್ಲ?" ಎಂದರು ಡೈರೆಕ್ಟರು.

"ಗೊತ್ತು ಸಾರ್. ನನ್ ಕೈಕೆಳಗಿರೋರು ಹಿಂದೆ ಬಿದ್ರೆ ಅದು ನಂದೇ ತಪ್ಪು. ಕಲಿಸ್ದೋನು ನಾನಲ್ವಾ?"

ಡೈರೆಕ್ಟರು ಹಾಳೆಯನ್ನು ಮಾವನ ಕಡೆಗೆ ತಳ್ಳಿದರು. "ಈ ವರ್ಷ ಆ ಜಾಗ ಖಾಲಿ ಬಿಡಿ," ಎಂದರು.

"ಮೊದ್ಲೇ ಅಂದಿದ್ರೆ ಒಂದ್ ಗಂಟೆ ಟೈಪಿಂಗ್ ಉಳೀತಿತ್ತು ಸಾರ್."

ಮಧ್ಯಾಹ್ನ ಸಲ್ಮಾ ನನ್ನ ಮೇಜಿನ ಬಳಿ ಬಂದು ಎರಡೂ ಕೈ ಹಿಡಿದುಕೊಂಡಳು. "ನನ್ನ ಹೆಸ್ರು ಬರೀಕೂಡ್ದು ಅಂತ ನೀವೇ ಹಟ ಮಾಡಿದ್ರಂತೆ ಮೇಡಂ. ಸುಬೇದಾರ್ ಸಾಬ್ ಹೇಳಿದ್ರು." ಅವಳ ಕಣ್ಣು ತುಂಬಿತ್ತು.

ಸಂಜೆ ಮಾವನ ಸ್ಕೂಟರಿನ ಹಿಂದೆ ಕೂತು ಮರಳವಾಡಿಯ ರಸ್ತೆಯಲ್ಲಿ ಹೋಗುವಾಗ ಕೇಳಿಯೇಬಿಟ್ಟೆ. "ಸಲ್ಮಾಗೆ ಯಾಕೆ ಸುಳ್ಳು ಹೇಳಿದ್ರಿ ಮಾವ?"

ಅವರು ಹಿಂತಿರುಗಿ ನೋಡಲಿಲ್ಲ.

"ಸುಳ್ಳಲ್ಲ ಕಣವ್ವ. ಮುಂದಿನ್ ವರ್ಷ ನೀನು ಹಂಗೇ ಹಟ ಮಾಡ್ತೀಯಲ್ಲ, ಅದ್ನೇ ಒಸಿ ಮುಂಚೆ ಹೇಳ್ದೆ."