ಕೂಡಿಕೊಳ್ಳದ ಎಲುಬು, ಎರಡು ರೊಟ್ಟಿ

ತೋಳಿನ ಎಲುಬು ಮುರಿದಾಗ ಡಾಕ್ಟರು ನನಗೆ ಒಂದೇ ಕೆಲಸ ಹೇಳಿದರು: ಸುಮ್ಮನಿರುವುದು. ಮದುವೆಯಾಗಿ ಇಪ್ಪತ್ತೇಳು ವರ್ಷಗಳಲ್ಲಿ ಇಷ್ಟು ಸುಲಭದ ಕೆಲಸವನ್ನು ಯಾರೂ ನನಗೆ ಒಪ್ಪಿಸಿರಲಿಲ್ಲ. ತೆಲುಗು ಸೀಮೆಯ ಉಪ್ಪಲ್‌ನ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಜಾರಿದ್ದೆ. ಬಲದೋಳಿಗೆ ಭುಜದಿಂದ ಮೊಣಕೈವರೆಗೆ ಪ್ಲಾಸ್ಟಿಕ್ಕಿನ ಕವಚ ತೊಡಿಸಿದರು. ಸುಮ್ಮನಿರುವುದರಲ್ಲಿ ಊರಿಗೇ ಮಾದರಿಯಾಗುತ್ತೇನೆಂದು ನಿಶ್ಚಯಿಸಿ ಮನೆಗೆ ಬಂದೆ.

ನಿಶ್ಚಯ ನಾಲ್ಕು ದಿನ ಬಾಳಿತು.

ಅತ್ತೆಗೆ ಎಂಬತ್ತು ದಾಟಿತ್ತು. ಕಣ್ಣು ಮಂದ, ನೆನಪು ಅದಕ್ಕಿಂತ ಮಂದ. ಬೆಳಗಾದದ್ದು ಅವರಿಗೆ ತಿಳಿಯುತ್ತಿದ್ದುದು ನಾನು ಜೋಳದ ರೊಟ್ಟಿ ಬಡಿಯುವ ಸಪ್ಪಳದಿಂದ. ಸಪ್ಪಳವಿಲ್ಲದೆ ಬಂದ ಅಂಗಡಿ ರೊಟ್ಟಿಯನ್ನು ಅವರು ಮುಟ್ಟಲಿಲ್ಲ. "ಇನ್ನಾ ಬೆಳಕ ಹರಿದಿಲ್ಲ, ಈಗ್ಯಾಕ ಊಟ?" ಎನ್ನುತ್ತಿದ್ದರು. ಐದನೆಯ ದಿನ, ನಮ್ಮ ಯಜಮಾನರು ಫ್ಯಾಕ್ಟರಿ ಬಸ್ಸು ಹತ್ತಿದ ಮೇಲೆ, ಕವಚ ಬಿಚ್ಚಿದೆ. ಎರಡೇ ರೊಟ್ಟಿ. ದಿನಾ ಎರಡೇ.

ಆರು ತಿಂಗಳಾದರೂ ಎಲುಬು ಕೂಡಲಿಲ್ಲ. ಡಾಕ್ಟರು ಎಕ್ಸ್‌ರೇ ಹಿಡಿದುಕೊಂಡು, ಸಿಗರೇಟಿನ ಚಟವಿದೆಯೇ ಎಂದು ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ ನನ್ನನ್ನು ಕೇಳಿದರು. ಇಲ್ಲವೆಂದೆ. ಹಾಗಾದರೆ ಸೊಂಟದಿಂದ ಎಲುಬು ತೆಗೆದು ತೋಳಿನ ಬಿರುಕಿಗೆ ತುಂಬಿ, ಲೋಹದ ಪಟ್ಟಿಯಿಟ್ಟು ತಿರುಪು ಬಿಗಿಯಬೇಕೆಂದರು.

ಮನೆಗೆ ಬಂದು ಯಜಮಾನರು ತಲೆಯ ಮೇಲೆ ಕೈಹೊತ್ತು ಕೂತರು. "ಒಂದು ಲೋಟಾ ಸೈತ ಎತ್ತಿಲ್ಲ ಈಕಿ. ಹ್ಯಾಂಗ ಕೂಡಲಿಲ್ಲ?"

ಹಾಸಿಗೆಯಿಂದ ಅತ್ತೆ ಹೇಳಿದರು: "ದಿನಾ ರೊಟ್ಟಿ ಬಡೀತಾಳಲ್ಲೋ."

"ಅದು ಹೋದ ವರ್ಷದ ಮಾತವ್ವಾ."

"ಇವತ್ತೂ ಬಡದಾಳ."

ಯಜಮಾನರು ನನ್ನತ್ತ ನೋಡಿದರು. ನಾನು ನಿಟ್ಟುಸಿರು ಬಿಟ್ಟು, "ಮರವು ಭಾಳ ಆಗೇತ್ರಿ, ಪಾಪ" ಎಂದೆ. ನಟನೆ ಚೆನ್ನಾಗಿಯೇ ಬಂತು.

ಆಪರೇಷನ್ ಆಯಿತು. ಈ ಸಲ ತೋಳನ್ನು ನಿಜವಾಗಿಯೂ ಅಲುಗಿಸುವಂತಿರಲಿಲ್ಲ. ಸೊಂಟದ ನೋವಿಗೆ ಎದ್ದು ನಿಲ್ಲುವುದೇ ಕಷ್ಟ. ಅತ್ತೆ ಮತ್ತೆ ಊಟ ಬಿಟ್ಟರು.

"ಬಡಿಯೋ ಸಪ್ಪಳಾ ಕೇಳಿದ್ರ ಉಣ್ತಾರ್ರಿ," ಎಂದೆ.

"ಮತ್ತ ಆರು ತಿಂಗಳು ಹ್ಯಾಂಗ ಉಂಡ್ಲು?"

ಯಜಮಾನರು ಮೂಲೆಯಲ್ಲಿದ್ದ ಹಳೆಯ ಕವಚವನ್ನು ಕೈಗೆತ್ತಿಕೊಂಡರು. ದಿನಾ ನಾನು ಬಿಚ್ಚಿ ಬಿಗಿಯುತ್ತಿದ್ದ ಅದರ ಪಟ್ಟಿಯ ಸಂದಿಯಲ್ಲೆಲ್ಲ ಜೋಳದ ಹಿಟ್ಟು ಒಣಗಿತ್ತು.

"ಅವ್ವ ಖರೇನ ಹೇಳಿದ್ಲು," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಅಡಿಗೆಮನೆಗೆ ಹೋಗಿ, ಹಿಟ್ಟು ನಾದುವ ಬರಿಯ ಪರಾತದ ಮೇಲೆ ಅಂಗೈ ಬಡಿಯತೊಡಗಿದರು.

"ಯಾರೋ ಕದಾ ಬಡ್ಯಾಕತ್ತಾರ, ನೋಡ್ರಿ," ಎಂದರು ಅತ್ತೆ.

ಗೋಡೆ ಹಿಡಿದು ಅವರ ಹತ್ತಿರ ಹೋಗಿ ಕೂತೆ. "ಅತ್ತೀ, ಅವತ್ತ ನೀವು ಹೇಳಿದ್ದು ಖರೇ ಇತ್ರಿ. ನಾನೇ ಸುಳ್ಳ ಆಡಿದೆ."

"ಏನ ಹೇಳಿದ್ದೆ ನಾ?"

ಅದನ್ನೂ ಮರೆತಿದ್ದರು.

ಅತ್ತೆ ಮೂರು ವಾರ ಗಂಜಿಯ ಮೇಲಿದ್ದರು. ನನ್ನ ಕೈ ಇನ್ನೂ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿರುವಾಗಲೇ ತೀರಿಹೋದರು.

ಎಲುಬೇನೋ ಕೂಡಿತು. ಸೊಂಟದ್ದು ತೋಳಿಗೆ ಬಂದು ಎಷ್ಟು ಚೆನ್ನಾಗಿ ಒಗ್ಗಿದೆ ನೋಡಿ ಎಂದು ಡಾಕ್ಟರು ಬೀಗಿದರು. ಇನ್ನು ಯಾವ ಕೆಲಸವನ್ನಾದರೂ ಮಾಡಬಹುದಂತೆ. ಮರುದಿನ ಬೆಳಿಗ್ಗೆ ಹಿಟ್ಟು ನಾದಿ ಬಡಿಯಲು ಕೂತೆ. ಮೊದಲನೆಯದು ಹರಿಯಿತು. ಎರಡನೆಯದಕ್ಕೆ ಇನ್ನೂ ಜೋರಾಗಿ ಬಡಿದೆ.

ಯಜಮಾನರು ಎದ್ದು ಹೋಗಿ, ಕದ ತೆಗೆದು, ಹೊರಗೆ ನೋಡಿ ಬಂದರು.