ಕೂರಿಸಿದ ತಾಯಿಗೆ ಕೋಟಿ ನಮನ

ವಕೀಲ ಶಿವಪ್ರಕಾಶ್ ಎರಡನೇ ಇಡ್ಲಿಗೆ ಕೈಹಾಕಿದ್ದರು. ಬೋಗಾದಿ ಬಡಾವಣೆಯಿಂದ ಡಾಕ್ಟರ್ ಶೈನಿಯ ಫೋನು ಬಂತು.

"ಸರ್, ನಮ್ಮ ನರ್ಸಿಂಗ್ ಹೋಮ್ ಎದುರಿಗೆ ಯಾರೋ ನನ್ನ ಫ್ಲೆಕ್ಸ್ ಕಟ್ಟಿಸ್ಬಿಟ್ಟಿದ್ದಾರೆ. ಮಧ್ಯಾಹ್ನ ಮೂರಕ್ಕೆ ನೋಂದಣಿ ನವೀಕರಣದ ಇನ್‌ಸ್ಪೆಕ್ಷನ್ ಇದೆ."

ಇಡ್ಲಿ ತಟ್ಟೆಯಲ್ಲೇ ಉಳಿಯಿತು. ಶಿವಪ್ರಕಾಶ್ ಆಸ್ಪತ್ರೆಗಳ ಕಾನೂನನ್ನೇ ಹೊಟ್ಟೆಪಾಡು ಮಾಡಿಕೊಂಡವರು. ಡಾಕ್ಟರುಗಳು ಪ್ರಚಾರ ಮಾಡಿಕೊಳ್ಳುವಂತಿಲ್ಲ ಎಂದು ಊರಿನ ಡಾಕ್ಟರುಗಳಿಗೆಲ್ಲ ಪಾಠ ಹೇಳುತ್ತಿದ್ದವರೂ ಅವರೇ. ಸಾಲದ್ದಕ್ಕೆ ಅನುಮತಿಯಿಲ್ಲದ ಫ್ಲೆಕ್ಸು ಬೇರೆ. ಸ್ಕೂಟರ್ ಹತ್ತಿದರು.

ಫ್ಲೆಕ್ಸು ಮದುವೆಮನೆಯ ಚಪ್ಪರದಷ್ಟಿತ್ತು. ನಡುವೆ ಶೈನಿ, ತಲೆಯ ಹಿಂದೆ ಪ್ರಭೆ. ಕೆಳಗೆ ಕುರ್ಚಿಯಲ್ಲಿ ಕುಳಿತು ಕೈಮುಗಿದ ಮೀಸೆಯ ಮನುಷ್ಯ. "ಹನ್ನೆರಡು ವರ್ಷ ನಿಂತೇ ಬದುಕಿದ ನನ್ನನ್ನು ಕೂರಿಸಿದ ಮಹಾತಾಯಿ ಡಾಕ್ಟರ್ ಶೈನಿಯವರಿಗೆ ಕೋಟಿ ನಮನ. ಇಂತಿ, ಮೂಲವ್ಯಾಧಿಯಿಂದ ಮುಕ್ತನಾದ ಚಾಮಯ್ಯ."

ಚಾಮಯ್ಯನದು ಪಕ್ಕದ ರಸ್ತೆಯಲ್ಲೇ ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ವಕೀಲರನ್ನು ಕಂಡವನೇ ಎರಡು ಕುರ್ಚಿ ಎಳೆದ.

"ಕೂತ್ಕಳಿ ಸಾ. ನಾನೂ ಕೂತ್ಕತೀನಿ. ಈಗ ಕೂತ್ಕಳಾದು ಅಂದ್ರೆ ನಂಗೆ ಹಬ್ಬ."

"ಚಾಮಯ್ಯನವರೇ, ಆ ಫ್ಲೆಕ್ಸ್ ತೆಗೆಸ್ಬೇಕು. ಡಾಕ್ಟರ ಲೈಸೆನ್ಸಿಗೇ ತೊಂದರೆ ಬರುತ್ತೆ."

"ಹಾಕ್ಸಿರಾನು ನಾನಲ್ವಾ ಸಾ. ಅವ್ರಿಗೆ ಗೊತ್ತೇ ಇಲ್ಲ."

"ಅದನ್ನ ಮೇಲಿನವರು ನಂಬಲ್ಲ ಕಣ್ರೀ. ಅವರೇ ಹೇಳಿ ಹಾಕ್ಸಿದ್ದು ಅಂತಾರೆ."

ಚಾಮಯ್ಯ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಮಗಳ ಧಾರೆ ನಿಂತ್ಕಂಡೇ ಎರೆದೆ ಸಾ, ಬೀಗರ ಪಂಕ್ತೀಲೂ ಕೂರ್ನಿಲ್ಲ. ಬೀಗರು ಇವನಿಗೆ ದುರಹಂಕಾರ ಅಂದ್ಕಂಡ್ರು. ಆಪರೇಷನ್ ಅಂದ್ರೆ ಹೆದರಿ ಓಡೋಗಿದ್ದೆ. ಆಯಮ್ಮ ಎರಡು ಸಲ ಮನೆಗೇ ಬಂದು ಧೈರ್ಯ ಹೇಳಿದ್ರು. ಮೊನ್ನೆ ಮೊಮ್ಮಗಳ ನಾಮಕರಣದಲ್ಲಿ ಚಾಪೆ ಮೇಲೆ ಕೂತು ಮಗೀನ ತೊಡೆ ಮೇಲೆ ಮಲಗಿಸ್ಕಂಡೆ. ಇದನ್ನ ನಾಕು ಜನಕ್ಕೆ ಹೇಳ್ಬಾರದು ಅಂತೈತಾ ಕಾನೂನು?"

ಶಿವಪ್ರಕಾಶ್ ಕೋರ್ಟಿಗೆ ಹೊತ್ತಾಯಿತೆಂದು ಎದ್ದರು. "ಡಾಕ್ಟರ ಹೆಸರು, ಫೋಟೋ ಕಾಣಬಾರದು, ಅಷ್ಟೇ" ಎಂದುಬಿಟ್ಟರು.

"ಅಷ್ಟೇ ತಾನೇ? ಬುಡಿ ಸಾ, ನಾನು ನೋಡ್ಕತೀನಿ."

ಆ "ಅಷ್ಟೇ" ಎಷ್ಟು ದುಬಾರಿ ಎಂಬುದು, ಕೋರ್ಟಿನ ಕೆಲಸ ಮುಗಿಸಿ ಎರಡೂವರೆಗೆ ಮತ್ತೆ ಬಂದಾಗ ತಿಳಿಯಿತು. ಫ್ಲೆಕ್ಸು ಅಲ್ಲೇ ಇತ್ತು. ಶೈನಿಯ ಮುಖಕ್ಕೂ ಹೆಸರಿಗೂ ಬಿಳಿ ಕಾಗದ ಅಂಟಿಸಿ, "ಹೆಸರು ಹೇಳಬಾರದ, ಎದುರು ಕಟ್ಟಡದ ಡಾಕ್ಟರಿಗೆ" ಎಂದು ಬರೆದು, ನರ್ಸಿಂಗ್ ಹೋಮಿನ ಬಾಗಿಲಿಗೆ ಗುರಿಯಿಟ್ಟು ಮೊಳದುದ್ದದ ಬಾಣ ಹಾಕಲಾಗಿತ್ತು. ಹೆಸರಿದ್ದಾಗ ಯಾರೂ ನಿಂತು ನೋಡಿರಲಿಲ್ಲ. ಈಗ ಹೆಸರಿಲ್ಲದ ಡಾಕ್ಟರು ಯಾರೆಂದು ನೋಡಲು ಬಂದವರು, ಬಂದದ್ದೇ ಆಯಿತಲ್ಲ ಎಂದು ಚೀಟಿ ಮಾಡಿಸಿಕೊಂಡು ಬಿಸಿಲಿನಲ್ಲಿ ಸಾಲು ನಿಂತಿದ್ದರು. ಅರ್ಧಕ್ಕರ್ಧ ಜನ ಕುರ್ಚಿ ಕೊಟ್ಟರೂ ಬೇಡವೆಂದರು.

"ಬಾಣಕ್ಕೆ ಕೆಂಪು ಬಣ್ಣ ಹಾಕ್ಸಿ ಅಂದೆ, ಕೇಳ್ನಿಲ್ಲ" ಎಂದ ಅಲ್ಲೇ ಗಾಡಿಯಲ್ಲಿ ಎಳನೀರು ಮಾರುವ ಮೂಗಯ್ಯ.

ಹೇಳಿಕೇಳುವುದಕ್ಕೆ ಹೊತ್ತಿರಲಿಲ್ಲ. ಶಿವಪ್ರಕಾಶ್ ಕರಿಕೋಟು ಬಿಚ್ಚಿ ಮೂಗಯ್ಯನ ಗಾಡಿಯ ಮೇಲಿಟ್ಟು, ಅವನ ಮಚ್ಚನ್ನೇ ಇಸಿದುಕೊಂಡು ಗಾಡಿ ಹತ್ತಿದರು. ಒಂದು ಹಗ್ಗ ಕೊಯ್ದರು. ಎರಡನೆಯದು ತಾನಾಗಿಯೇ ಹರಿಯಿತು. ಇಡೀ ಫ್ಲೆಕ್ಸು ಅವರ ಮೇಲೆ ಕವುಚಿಕೊಂಡು, ವಕೀಲರು ಕಡುಬಿನೊಳಗಿನ ಹೂರಣದಂತೆ ನೆಲಕ್ಕಿಳಿದರು.

ಅದೇ ಹೊತ್ತಿಗೆ ತಪಾಸಣೆಯ ಜೀಪು ತಿರುವಿನಲ್ಲಿ ಕಾಣಿಸಿತು.

ಶಾಮಿಯಾನದ ಕೈಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚಾಮಯ್ಯ ವಕೀಲರನ್ನು ಹೊರಗುರುಳಿಸಿ, ಮೂಗಯ್ಯನನ್ನು ಕರೆದು, ಫ್ಲೆಕ್ಸಿನ ನಾಲ್ಕು ಮೂಲೆಯನ್ನೂ ಸಾಲಿನ ಆಚೀಚೆಯ ಕಂಬ, ಕಿಟಕಿಗಳಿಗೆ ಎಳೆದು ಗಂಟು ಹಾಕಿದ. ಅಕ್ಷರದ ಮಗ್ಗುಲು ಆಕಾಶಕ್ಕೆ, ಬಿಳಿ ಮಗ್ಗುಲು ಜನಕ್ಕೆ. ಸಾಲಿನಲ್ಲಿದ್ದವರ ನೆತ್ತಿಯ ಮೇಲೆ ತಂಪಾದ ನೆರಳು ಬಿತ್ತು.

ಹಿರಿಯ ಅಧಿಕಾರಿ ಇಳಿದು ತಲೆಯೆತ್ತಿ ನೋಡಿದರು. "ಇದೇನಮ್ಮ?"

"ಪೇಷಂಟ್ ಒಬ್ಬರು ಪ್ರೀತಿಯಿಂದ ಕಟ್ಟಿಸಿದ್ದು ಸರ್" ಎಂದಳು ಬಾಗಿಲಿಗೆ ಬಂದಿದ್ದ ಶೈನಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅವರು ಹಳದಿ, ಕೆಂಪು, ನೀಲಿ ಕಸದ ಡಬ್ಬಗಳನ್ನು ಇಣುಕಿದರು, ದರಪಟ್ಟಿ ಓದಿದರು, ಕೊನೆಗೆ "ರೋಗಿಗಳಿಗೆ ನೆರಳಿನ ವ್ಯವಸ್ಥೆ ಉತ್ತಮ" ಎಂದು ಬರೆದು ಸಹಿ ಹಾಕಿದರು. ಜೀಪು ಹೋದ ಮೇಲೆ ಶೈನಿ ವಕೀಲರಿಗೆ ಕೈಮುಗಿದಳು. ಫ್ಲೆಕ್ಸನ್ನು ಸುತ್ತಿ ಅಂಗಡಿಗೆ ಸಾಗಿಸಿದ ಚಾಮಯ್ಯನ ಕಣ್ಣು ತುಂಬಿತ್ತು.

"ನಮ್ಮ ಡಾಕ್ಟರಮ್ಮನ್ನ ಉಳಿಸ್ಬುಟ್ರಿ ಸಾ. ನಿಮ್ಮ ಕಾರ್ಡೊಂದು ಕೊಡಿ, ದೇವರ ಫೋಟೋ ಪಕ್ಕ ಇಟ್ಕತೀನಿ."

ಶಿವಪ್ರಕಾಶ್ ಕೊಟ್ಟರು. ಅಂಥ ಮಾತಿಗೆ ಯಾರು ತಾನೇ ಕೊಡುವುದಿಲ್ಲ?

ಸಂಜೆ ಕೋರ್ಟಿನ ಗೇಟಿನ ಬಳಿ ವಕೀಲರ ಸಂಘದ ಅಧ್ಯಕ್ಷ, ಹಿರಿಯ ವಕೀಲ ಸಿದ್ದಲಿಂಗಸ್ವಾಮಿಯವರ ಜೊತೆ ಟೀ ಕುಡಿಯುತ್ತಿದ್ದಾಗ ರಸ್ತೆಯ ತುದಿಯಿಂದ ಮೈಕಿನ ದನಿ ಕೇಳಿತು. ಕೊಂಬುಸ್ಪೀಕರು ಕಟ್ಟಿದ ಆಟೋ ನಿಧಾನವಾಗಿ ಬರುತ್ತಿತ್ತು.

"ಮಹಾಜನಗಳೇ, ಮೂಲವ್ಯಾಧಿಯಿಂದ ನರಳ್ತಿದ್ದೀರಾ? ಡಾಕ್ಟರ ಹೆಸರು ಹೇಳಂಗಿಲ್ಲ, ಅದು ಕಾನೂನು. ಆದ್ರಿಂದ ನಮ್ಮ ಪಾಲಿನ ದೇವರು, ವಕೀಲರಾದ ಶಿವಪ್ರಕಾಶ್ ಅವರಿಗೇ ಫೋನ್ ಮಾಡಿ. ನಂಬರ್ ಬರಕಳಿ."

ಆಟೋ ನಿಂತಿತು. ಚಾಮಯ್ಯ ಇಳಿದು ಬಂದು, ಬೆಂಚಿನ ಮೇಲೆ ವಕೀಲರ ಪಕ್ಕದಲ್ಲಿ ಆರಾಮವಾಗಿ ಕುಳಿತು ಅವರ ಕೈ ಹಿಡಿದುಕೊಂಡ.

"ಫ್ಲೆಕ್ಸ್ ಬ್ಯಾಡ ಅಂದ್ರಲ್ಲ ಸಾ, ಅದ್ಕೇ ಮೈಕು. ಬೆಳಗಿಂದ ನಮ್ಗಾಗಿ ಎಷ್ಟು ಕಷ್ಟ ಬಿದ್ರಿ. ಸುಮ್ನೆ ಇರಕ್ಕಾಯ್ತದಾ?"

ಬಯ್ಯಲು ಬಾಯಿ ತೆರೆದ ಶಿವಪ್ರಕಾಶ್, ಆ ಮುಖದ ನೆಮ್ಮದಿ ನೋಡಿ, "ಒಂದು ಟೀ ಕುಡೀರಿ" ಎಂದಷ್ಟೇ ಹೇಳಿದರು.

ಸಿದ್ದಲಿಂಗಸ್ವಾಮಿ ಲೋಟ ಕೆಳಗಿಟ್ಟರು. "ಶಿವಪ್ರಕಾಶ್, ವಕೀಲರೂ ಪ್ರಚಾರ ಮಾಡ್ಕೊಳೋ ಹಾಗಿಲ್ಲ, ಗೊತ್ತಲ್ಲ? ಸೋಮವಾರದೊಳಗೆ ಸಂಘಕ್ಕೆ ಒಂದು ಲಿಖಿತ ವಿವರಣೆ ಕೊಟ್ಬಿಡಿ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಊರಿನ ಹೆಬ್ಬಾಳ ಬಡಾವಣೆಯಿಂದ ಯಾರೋ ಹೆಂಗಸು.

"ಸಾರ್, ನಮ್ಮ ಯಜಮಾನ್ರಿಗೆ ಆಪರೇಷನ್ನು ನೀವೇ ಮಾಡ್ತೀರಾ, ಇಲ್ಲ ಬೇರೆಯವರ ಹತ್ರ ಕಳಿಸ್ತೀರಾ?"

ನಾನೇ ಎಂದರೆ ನಕಲಿ ವೈದ್ಯ, ಶೈನಿಯ ಹೆಸರು ಹೇಳಿದರೆ ದಲ್ಲಾಳಿ. ಶಿವಪ್ರಕಾಶ್ ಕಣ್ಣುಮುಚ್ಚಿ ಕಾನೂನನ್ನೆಲ್ಲ ಒಮ್ಮೆ ಮಗುಚಿಹಾಕಿದರು. ಆಮೇಲೆ ಮೆಲ್ಲಗೆ ಕೇಳಿದರು.

"ತಾಯಿ, ಎಷ್ಟು ವರ್ಷದಿಂದ ನಿಂತಿದ್ದಾರೆ?"