ಒಳಾರ್ಥದ ಮಾವ

ನಮ್ಮ ಸೋದರಮಾವನ ಕೈಗೆ ಸಿಕ್ಕಿದ ಪುರಾಣದಲ್ಲಿ ಯಾರೊಬ್ಬರೂ ಬದುಕಿ ಉಳಿದುದಿಲ್ಲ! ರಾಕ್ಷಸರನ್ನು ದೇವರು ಕೊಲ್ಲುವುದಕ್ಕೆ ಮೊದಲೇ ಮಾವ ಅವರನ್ನು ಕಾಮ, ಕ್ರೋಧ, ಲೋಭಗಳನ್ನಾಗಿ ಮಾರ್ಪಡಿಸಿ ಮುಗಿಸಿರುತ್ತಾರೆ. ಕಾಡೆಂದರೆ ಮನಸ್ಸು, ನದಿಯೆಂದರೆ ಉಸಿರು, ಪರ್ವತವೆಂದರೆ ಬೆನ್ನುಮೂಳೆ. "ಶಾಸ್ತ್ರ ಓದುದು ಕಥೆಗಲ್ಲ ಮಾರಾಯ, ಒಳಗಿನ ಸಾಧನೆಗೆ" ಎನ್ನುವುದು ಅವರ ನಿಲುವು. ಕುಟುಂಬದಲ್ಲಿ ಮೊದಲು ಪದವಿ ಪಡೆದವನು ನಾನಾದ್ದರಿಂದ ಪ್ರತಿ ವ್ಯಾಖ್ಯಾನಕ್ಕೂ "ಸರಿಯಾ?" ಎಂದು ನನ್ನನ್ನೇ ಕೇಳುತ್ತಾರೆ. ತಲೆಯಾಡಿಸದೆ ಗತ್ಯಂತರವಿದೆಯೇ? ನಿಲುವು ಉದಾತ್ತವಾದುದೇ, ಆದರೆ ಉದಾತ್ತವಾದುದರ ಜೊತೆಗೆ ನಿತ್ಯ ಸಂಸಾರ ಮಾಡುವುದು ಸುಲಭವೇ? ಅದನ್ನು ನಮ್ಮ ಅತ್ತೆಯನ್ನು ಕೇಳಬೇಕು.

ಒಮ್ಮೆ ಹಟ್ಟಿಯ ದನ ಹಗ್ಗ ಬಿಚ್ಚಿಕೊಂಡು ಹೋಯಿತು. ದನವೆಂದರೆ ಇಂದ್ರಿಯ, ಅದನ್ನು ಅಟ್ಟಿ ಹಿಡಿಯಬಾರದು, ಸಾಕ್ಷಿಯಾಗಿ ನೋಡಬೇಕು ಎಂದು ಮಾವ ಜಗಲಿಯಲ್ಲಿ ಕುಳಿತು ನನಗೆ ವಿವರಿಸುತ್ತಿದ್ದರು. ಅಡುಗೆಮನೆಯಿಂದ ಅತ್ತೆಯ ಭಾಷ್ಯ ಬಂತು: "ನಿಮ್ಮ ಇಂದ್ರಿಯ ಆಚೆಮನೆಯವರ ಬಸಳೆ ಚಪ್ಪರಕ್ಕೆ ಬಾಯಿ ಹಾಕಿ ಆಯ್ತು. ಹೋಗಿ ಎಳ್ಕೊಂಡು ಬನ್ನಿ!"

ಇದಕ್ಕಿಂತ ದೊಡ್ಡ ಅನಾಹುತ ಪಂಜ ಎಂಬ ಊರಿನ ತಾಳಮದ್ದಳೆಯೊಂದರಲ್ಲಿ ನಡೆಯಿತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ವಾದಿಸುತ್ತಾರೆ. ಆ ದಿನ ಅರ್ಥಧಾರಿಯೊಬ್ಬರು ಬರಲಿಲ್ಲವೆಂದು ರಾಕ್ಷಸನ ಪಾತ್ರವನ್ನು ಮಾವನಿಗೆ ವಹಿಸಿದರು. ಎದುರಿನವರು ದೇವರಾಗಿ ಗುಡುಗಿದರು: "ಎಲವೋ ದುರುಳಾ, ಯುದ್ಧಕ್ಕೆ ಬಾ!" ಮಾವ ಕೈಮುಗಿದು, "ಪ್ರಭೂ, ರಾಕ್ಷಸನೆಂದರೆ ನನ್ನೊಳಗಿನ ಅಹಂಕಾರ. ಅದನ್ನು ಈಗಷ್ಟೇ ಬಿಟ್ಟೆ" ಎಂದು ಕಣ್ಣು ಮುಚ್ಚಿಬಿಟ್ಟರು! ಚೆಂಡೆಯವರ ಕೋಲು ಗಾಳಿಯಲ್ಲೇ ನಿಂತಿತು. ದೇವರು ಮೈಕನ್ನು ಮರೆತು ಗೋಗರೆದರು: "ಒಳಗೇ ಯುದ್ಧ ಮುಗಿಸಿದ್ರೆ ನಾನಿಲ್ಲಿ ಎಂತ ಮಾಡುದು ಮಾರಾಯ್ರೆ? ಪದ ಇನ್ನೂ ಸುಮಾರು ಉಂಟು!"

ಸಭೆಯಲ್ಲಿದ್ದ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕದ್ದರಿಂದ ಬಂದುದೆಂದು ಭಾವಿಸಿದ ಹೊಟ್ಟೆನೋವು ವಾರ ಕಳೆದರೂ ಹೋಗಲಿಲ್ಲ. ಪುತ್ತೂರಿನ ವೈದ್ಯರು, ಗಡ್ಡೆಯಿದೆ, ತೆಗೆಯಬೇಕು, ತೆಗೆದು ಪರೀಕ್ಷಿಸಿದ ಮೇಲಷ್ಟೇ ಅದು ಎಂತಹುದೆಂದು ಹೇಳಲು ಸಾಧ್ಯ ಎಂದರು.

ಗಡ್ಡೆಗೆ ಮಾವ ಯಾವ ಒಳಾರ್ಥವನ್ನೂ ಹೇಳಲಿಲ್ಲ.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಅತ್ತೆ, "ಎಂತಾದ್ರೂ ಓದಿ. ಹೆದರಿಕೆ ಆಗ್ತದೆ" ಎಂದರು. ಮಾವ ಆನೆಯ ಕಾಲನ್ನು ಮೊಸಳೆ ಹಿಡಿದ ಕಥೆಯನ್ನು ಓದತೊಡಗಿದರು. ಆನೆಯೆಂದರೆ ಜೀವ, ಕೊಳವೆಂದರೆ ಸಂಸಾರ. ಅವರು ಎಂದೂ ಹೇಳುವ ಆ ಒಳಾರ್ಥ ನನಗೇ ಕಂಠಪಾಠ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಅವರು ಎಲ್ಲಿಯೂ ನಿಲ್ಲಿಸದೆ ಬರಿಯ ಕಥೆಯನ್ನು ಓದುತ್ತಲೇ ಹೋದರು.

ಗಾಲಿಮಂಚವನ್ನು ಒಳಗೆ ತಳ್ಳುವ ಹೊತ್ತಿಗೆ ಅತ್ತೆಯೇ ಕೆಣಕಿದರು: "ಮೊಸಳೆ ಅಂದ್ರೆ ಎಂತ? ಇವತ್ತು ಹೇಳುದಿಲ್ವಾ?"

"ಮೊಸಳೆ ಅಂದ್ರೆ ಮೊಸಳೆಯೇ ಮಾರಾಯ್ತಿ." ಮಾವ ಅತ್ತೆಯ ಕೈಯನ್ನು ಬಿಡದೆ ಮಂಚದ ಜೊತೆಗೇ ನಡೆಯುತ್ತಿದ್ದರು. "ಆನೆ ಕರೆದದ್ದು ನಿಜ. ದೇವರು ಇದ್ದ ಹಾಗೇ ಓಡಿ ಬಂದದ್ದೂ ನಿಜ. ಬರ್ಲಿಕ್ಕೇ ಬೇಕು."